‘ಕುಡಿಯಲು ಯೋಗ್ಯ’ ಎಂಬ ಮೊಹರು

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಬರುವ ದಿನ ಬೆಳಗಿನ ಜಾವ ನಳ ಮೊದಲು ಬುಸ್ ಅನ್ನುತ್ತದೆ, ಆಮೇಲೆ ಎರಡು ಸಲ ಕೆಮ್ಮುತ್ತದೆ, ಆಮೇಲೆ ನೀರು. ಆ ಮೊದಲ ಹತ್ತು ನಿಮಿಷದ ನೀರನ್ನು ನಾನು ಕುಡಿಯುವ ಕೊಡಕ್ಕೆ ಹಿಡಿಯುವುದಿಲ್ಲ. ಬಕೆಟ್ಟಿಗೆ ಹಿಡಿದು ಅಂಗಳಕ್ಕೆ, ಗಿಡಕ್ಕೆ, ಸಂಡಾಸಕ್ಕೆ. ಸೊಸೆಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. “ಅತ್ತೀ, ಎಂಟು ದಿನಾ ಕಾದು ಬಂದ ನೀರು ಅಂಗಳಕ್ಕ ಸುರೀತೀರಲ್ರೀ” ಅನ್ನುತ್ತಾಳೆ. ಅವಳ ಮಾತೂ ಸುಳ್ಳಲ್ಲ. ಆದರೆ ನಾನು 33 ವರ್ಷ ನೀರು ಪರೀಕ್ಷೆ ಮಾಡಿ ಉಂಡವಳು. ಕೆಮ್ಮುವ ನಳ ಕಂಡರೆ ಕೈ ತಾನಾಗಿಯೇ ಕೊಡ ಹಿಂದೆ ಸರಿಸುತ್ತದೆ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ 1985ರಲ್ಲಿ ಜಿಲ್ಲಾ ಕೇಂದ್ರವೊಂದರ ಪ್ರಯೋಗಾಲಯಕ್ಕೆ ಸೇರಿದೆ. ನಮ್ಮವ್ವನಿಗೆ ‘ಮೈಕ್ರೋಬಯಾಲಜಿಸ್ಟ್’ ಎಂಬ ಶಬ್ದ ಕೊನೆಯವರೆಗೂ ಬಾಯಿಗೆ ಹತ್ತಲಿಲ್ಲ. ಯಾರಾದರೂ ಕೇಳಿದರೆ “ನಮ್ಮ ಹುಡುಗಿ ಗಟಾರದ ಹುಳಾ ಸಾಕತಾಳ, ಅದಕ್ಕ ಸರಕಾರದವರು ಪಗಾರ ಕೊಡ್ತಾರ” ಅನ್ನುತ್ತಿದ್ದಳು. ಇಷ್ಟು ಸರಿಯಾದ ವಿವರಣೆಯನ್ನು ನಾನೂ ಕೊಟ್ಟಿಲ್ಲ.

ಸಾಕುವುದೇ ನಮ್ಮ ಕೆಲಸ. ನೀರಿನಲ್ಲಿ ಕಾಲರಾ, ಟೈಫಾಯ್ಡ್, ಕಾಮಾಲೆಯ ಒಂದೊಂದೇ ಕ್ರಿಮಿಯನ್ನು ಹುಡುಕುತ್ತ ಕೂತರೆ ಊರು ಮಲಗಿಬಿಡುತ್ತದೆ. ಹಾಗಾಗಿ ಹುಡುಕುವುದು ಒಂದನ್ನೇ: ಈ ನೀರಿಗೆ ಹೇಲು ಸೇರಿದೆಯೋ ಇಲ್ಲವೋ. ಮುಜುಗರ ಪಡುವುದೇನಿದೆ, ವಿಷಯವೇ ಅದು. ಅದಕ್ಕೆ ಸಾಕ್ಷಿ ಇ. ಕೋಲಿ. 1885ರಲ್ಲಿ ಥಿಯೋಡೋರ್ ಎಶೆರಿಕ್ ಎಂಬ ಮಕ್ಕಳ ವೈದ್ಯ ಕೂಸುಗಳ ಮಲದಲ್ಲಿ ಕಂಡು ವಿವರಿಸಿದ ಬ್ಯಾಕ್ಟೀರಿಯಾ. ಬಹುಪಾಲು ಬಡಪಾಯಿ, ನಮ್ಮ ನಿಮ್ಮೆಲ್ಲರ ಕರುಳಲ್ಲಿ ಇರುವಂಥದ್ದು. ಆದರೆ ಅದು ಕುಡಿಯುವ ನೀರಿನಲ್ಲಿ ಸಿಕ್ಕಿತೆಂದರೆ ಅದು ಬಂದ ದಾರಿಯಲ್ಲೇ ಕಾಲರಾವೂ ಬರಬಹುದು ಎಂದರ್ಥ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವುದೂ ಇಷ್ಟೇ: ಯಾವ 100 ಮಿಲಿ ನೀರಿನಲ್ಲೂ ಇ. ಕೋಲಿ ಕಾಣಲೇಬಾರದು.

ಪರೀಕ್ಷೆ ನೋಡಲು ಚೆಂದ. ಮೆಕಾಂಕಿ ಬ್ರಾತ್ ಅಂತ ನೇರಳೆ ಬಣ್ಣದ ಸಾರು. ಅದರಲ್ಲಿ ಪಿತ್ತದ ಲವಣ ಇರುತ್ತದೆ. ಕರುಳಲ್ಲಿ ಪಿತ್ತದ ಜೊತೆ ಬಾಳಿ ರೂಢಿಯಿದ್ದ ಬ್ಯಾಕ್ಟೀರಿಯಾಕ್ಕೆ ಅದು ಲೆಕ್ಕಕ್ಕಿಲ್ಲ, ಉಳಿದ ಬಹಳಷ್ಟು ಅಲ್ಲೇ ಸೋಲುತ್ತವೆ. ಪ್ರತಿ ಟ್ಯೂಬಿನೊಳಗೆ ಬೆರಳಿನ ಗೆಣ್ಣಿನಷ್ಟು ಪುಟ್ಟ ಗಾಜಿನ ಕೊಳವೆ ಬೋರಲು ಹಾಕಿರುತ್ತೇವೆ, ಡರ್ಹಾಮ್ ಟ್ಯೂಬ್. ಶುದ್ಧೀಕರಿಸಿದ ನೀರಾದರೆ ಒಂದು ಮಾದರಿಗೆ 50 ಮಿಲಿಯ ಒಂದು ಬಾಟಲಿ, 10 ಮಿಲಿಯ ಐದು, 1 ಮಿಲಿಯ ಐದು, ಒಟ್ಟು 11. 37 ಡಿಗ್ರಿಯಲ್ಲಿ 48 ಗಂಟೆ. ಕ್ರಿಮಿ ಇದ್ದರೆ ನೇರಳೆ ಹಳದಿಯಾಗುತ್ತದೆ, ಬೋರಲು ಕೊಳವೆಯ ನೆತ್ತಿಯಲ್ಲಿ ಗಾಳಿಯ ಗುಳ್ಳೆ ಕೂರುತ್ತದೆ. ಎಷ್ಟು ಟ್ಯೂಬ್ ಹಳದಿ ಎಂದು ಎಣಿಸಿ ತಖ್ತೆಯಲ್ಲಿ ನೋಡಿದರೆ 100 ಮಿಲಿಗೆ ಎಷ್ಟಿರಬಹುದೆಂಬ ಅಂದಾಜು ಸಿಗುತ್ತದೆ. ಹನ್ನೊಂದೂ ಹಳದಿಯಾದರೆ ‘180 ಪ್ಲಸ್’, ತಖ್ತೆ ಅಲ್ಲಿಗೆ ಮುಗಿಯಿತು. ನಮ್ಮ ಲ್ಯಾಬಿನಲ್ಲಿ ‘ನೂರಾ ಎಂಬತ್ತು ಪ್ಲಸ್’ ಒಂದು ಬೈಗುಳವೇ ಆಗಿತ್ತು. ಬಾಯಿ ಹೊಲಸಾದ ಅಧಿಕಾರಿ ಬಂದು ಹೋದರೆ ನಮ್ಮ ಅಟೆಂಡರ್ ಕಾಕಾ ಬಾಗಿಲು ಹಾಕಿ ಮೆಲ್ಲಗೆ ಅನ್ನುತ್ತಿದ್ದ: “ನೂರಾ ಎಂಬತ್ತು ಪ್ಲಸ್ ರೀ ಇವಾ.”

ಕಾಕಾ ಓದಿದ್ದು ಏಳನೇತ್ತ. ಬಾಟಲಿ, ಟ್ಯೂಬುಗಳನ್ನು ಉಗಿಯ ಒತ್ತಡದಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನ ಮುಂದೆ ಅವನನ್ನು ಮೀರಿಸುವವರಿರಲಿಲ್ಲ. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ. ಗಡಿಯಾರ ನೋಡದೆ ಸೀಟಿಯ ದನಿಯಲ್ಲೇ ಹೇಳುತ್ತಿದ್ದ. ಕರೆಂಟು ಹೋದರೆ ಇನ್ಕ್ಯುಬೇಟರ್ ತಣ್ಣಗಾಗಬಾರದೆಂದು ಬಿಸಿನೀರಿನ ಬಾಟಲಿಗಳನ್ನು ಅರಿವೆಯಲ್ಲಿ ಸುತ್ತಿ ಒಳಗಿಡುತ್ತಿದ್ದ, ಬಾಣಂತಿ ಕೋಣೆಯ ಕೂಸಿಗೆ ಮಾಡಿದಂತೆ. ಬ್ಯಾಕ್ಟೀರಿಯಾ ಬೆಳೆಸಲು ಅಗರ್ ಎಂಬ ಗಟ್ಟಿ ಜೆಲ್ಲಿಯ ತಟ್ಟೆ ಹೊಯ್ಯುವುದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅಂಗಡಿಯ ಚೀನಾ ಗ್ರಾಸ್. ಎರಡೂ ಒಂದೇ ಸಮುದ್ರ ಪಾಚಿಯ ಸಾಮಾನು. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಜೆಲಾಟಿನ್ ಬೇಸಿಗೆಗೆ ಕರಗಿ ನೀರಾಗುತ್ತಿದ್ದಾಗ, ಅಗರ್ ಹಾಕಿ ನೋಡಿ ಎಂದು 1881ರಲ್ಲಿ ಸೂಚಿಸಿದವಳು ಫ್ಯಾನಿ ಹೆಸ್ಸೆ, ಅಲ್ಲಿ ಕೆಲಸ ಮಾಡುತ್ತಿದ್ದವನ ಹೆಂಡತಿ. ಅಡುಗೆಮನೆಯಿಂದ ಬಂದ ಬುದ್ಧಿ. ಜಗತ್ತಿನ ಎಲ್ಲ ಲ್ಯಾಬುಗಳಲ್ಲಿ ಇವತ್ತಿಗೂ ಆ ತಟ್ಟೆ ಇದೆ, ಅವಳ ಹೆಸರು ಎಷ್ಟು ಜನಕ್ಕೆ ಗೊತ್ತೋ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಇಷ್ಟು ದಿನ ಎಲ್ಲೂ ಬರೆದಿರಲಿಲ್ಲ.

1996ರ ಮಳೆಗಾಲ. ಊರಿನ ಹೆಸರು ಬೇಡ. ಒಂದು ಓಣಿಯಲ್ಲಿ ವಾಂತಿಭೇದಿ ಶುರುವಾಗಿ ನಾಲ್ಕು ದಿನದಲ್ಲಿ ನಲವತ್ತರ ಹತ್ತಿರ ಜನ ಆಸ್ಪತ್ರೆಗೆ. ಸಲಾಯಿನ್ ಬಾಟಲಿಗಳು ಕಿಟಕಿಯ ಸರಳಿಗೆ ತೂಗುತ್ತಿದ್ದವು. ಮೇಲಿನ ಟಾಕಿಗೆ ಅವಸರದಲ್ಲಿ ಚೀಲಗಟ್ಟಲೆ ಬ್ಲೀಚಿಂಗ್ ಪೌಡರ್ ಸುರಿದರು. ಮರುದಿನ ಓಣಿಯ ಆರು ನಳಗಳಿಂದ ಮಾದರಿ ನಮ್ಮಲ್ಲಿಗೆ ಬಂತು. 48 ಗಂಟೆಯಾದ ಮೇಲೆ ಟ್ಯೂಬುಗಳನ್ನು ಬೆಳಕಿಗೆ ಹಿಡಿದೆ. ಒಂದೂ ಹಳದಿಯಿಲ್ಲ, ಒಂದೂ ಗುಳ್ಳೆಯಿಲ್ಲ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಮೊಹರು ಒತ್ತಿ ಸಹಿ ಮಾಡಿದೆ: ಕುಡಿಯಲು ಯೋಗ್ಯ.

ಆ ಕಾಗದ ಹೋದ ದಿನವೇ ಓಣಿಗೆ ಬರುತ್ತಿದ್ದ ಟ್ಯಾಂಕರ್ ನಿಂತಿತು.

ಮುಂದಿನ ವಾರ ಮತ್ತೆ 23 ಜನ. ಅದರಲ್ಲಿ ಒಬ್ಬ ಮುದುಕಿ ಮನೆಗೆ ತಿರುಗಿ ಹೋಗಲಿಲ್ಲ.

ಸುದ್ದಿ ಬಂದ ಮಧ್ಯಾಹ್ನ ಕಾಕಾ ಖಾಲಿ ಬಾಟಲಿಗಳ ರ‍್ಯಾಕಿನ ಮುಂದೆ ನಿಂತುಬಿಟ್ಟಿದ್ದ. ಒಂದೊಂದೇ ತೆಗೆದು ತಳ ನೋಡುತ್ತಿದ್ದ. “ಬಾಯಾರ, ಇದರಾಗ ಹರಳು ಇಲ್ರೀ” ಅಂದ. ನನ್ನ ಬೆನ್ನಲ್ಲಿ ನೀರಿಳಿಯಿತು. ನೀರಿನ ಮಾದರಿ ಹಿಡಿಯುವ ಬಾಟಲಿಗೆ ಮೊದಲೇ ಚೂರು ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು. ಹೈಪೋ ಅನ್ನುತ್ತಾರಲ್ಲ, ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಅದೇ. ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಅದು ಆ ಕ್ಷಣಕ್ಕೇ ಸುಮ್ಮನಾಗಿಸುತ್ತದೆ. ನಳದ ಬಾಯಲ್ಲಿ ನೀರು ಹೇಗಿತ್ತೋ ಹಾಗೇ ಲ್ಯಾಬಿಗೆ ತಲುಪುತ್ತದೆ. ಹರಳು ಇಲ್ಲದಿದ್ದರೆ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಬಾಟಲಿಯೊಳಗೆ ಕ್ಲೋರಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಓಣಿಯವರು ನಳದ ಕೆಳಗೆ ಲೋಟ ಹಿಡಿದು ಗಟಗಟ ಕುಡಿದರು. ನನ್ನ ಟ್ಯೂಬಿಗೆ ಬಂದದ್ದು ಆರು ತಾಸು ಬ್ಲೀಚಿಂಗಿನಲ್ಲಿ ನೆನೆದ ನೀರು. ಬಾಟಲಿಗೆ ಹರಳು ಹಾಕಿದೆಯೋ ಎಂದು ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕಬೇಕಾದವಳು ನಾನು. ಆ ಕಂತಿಗೆ ಗುರುತು ಇತ್ತು. ನೋಡದೆ ಹಾಕಿದ ಗುರುತು.

ಮೇಲಿನವರಿಗೆ ಬರೆದು ತಿಳಿಸಿದೆ. ಒಂದು ಮೆಮೊ ಬಂತು, ಉತ್ತರ ಕೊಟ್ಟೆ, ಫೈಲು ಮುಚ್ಚಿತು. ಶಿಕ್ಷೆ ಇನ್ನೂ ದೊಡ್ಡದಾಗಿದ್ದರೆ ಒಂದು ರೀತಿ ಹಗುರಾಗುತ್ತಿತ್ತೇನೋ.

ಅದಾದ ಮರುದಿನ ನಾನು ಮೊದಲ ಬಾರಿಗೆ ಲ್ಯಾಬು ಬಿಟ್ಟು ಓಣಿಗೆ ಹೋದೆ. ಅದುವರೆಗೆ ನನ್ನ ಪಾಲಿಗೆ ಊರೆಂದರೆ ಬಾಟಲಿಗೆ ಅಂಟಿಸಿದ ಚೀಟಿ. ನೀರು ಬಿಡುವವ ಒಬ್ಬ ಹಿರಿಯ, ಕಿವಿ ಸ್ವಲ್ಪ ಮಂದ, ಕೈಯಲ್ಲಿ ವಾಲ್ವ್ ತಿರುಗಿಸುವ ಟಿ ಆಕಾರದ ಉದ್ದನೆಯ ಕಬ್ಬಿಣದ ಚಾವಿ. ಅವನ ಹಿಂದೆ ನಡೆದೆ. ಆ ಕಡೆ ಒತ್ತಡ ಕಡಿಮೆಯಾದ್ದರಿಂದ ನಳ ಗೋಡೆಯ ಎತ್ತರಕ್ಕಿದ್ದರೆ ನೀರು ಏರುವುದಿಲ್ಲ. ಅದಕ್ಕೆ ಮನೆಯ ಮುಂದೆ ಮೊಳಕಾಲುದ್ದ ಗುಂಡಿ ತೋಡಿ, ನಳವನ್ನು ಅದರೊಳಗೆ ಇಳಿಸಿ, ಕೊಡ ಇಟ್ಟು ತುಂಬುತ್ತಾರೆ. ಮಳೆ ಬಂದಾಗ ಗಟಾರ ಉಕ್ಕಿ ಅದೇ ಗುಂಡಿಗೆ. ನಳಕ್ಕೆ ತಿರುಪು ಇಲ್ಲ, ತುಂಡು ಬಟ್ಟೆಯೋ ಕಡ್ಡಿಯೋ ತುರುಕಿದ್ದಾರೆ. ನೀರು ನಿಂತ ಮೇಲೆ ಪೈಪು ಖಾಲಿಯಾಗುತ್ತದೆ, ಖಾಲಿಯಾದ ಪೈಪು ಒಳಕ್ಕೆ ಎಳೆಯುತ್ತದೆ. ಗುಂಡಿಯ ನೀರು ಹಿಂದಕ್ಕೆ ಹೋಗುತ್ತದೆ. ಮರುಸರದಿಗೆ ನಳ ಕೆಮ್ಮಿ ಮೊದಲು ಉಗುಳುವುದು ಅದನ್ನೇ. ಇದರ ಮೇಲೆ ಎರಡು ಮನೆಯವರು ಲೈನಿಗೇ ಮೋಟಾರು ಹಚ್ಚಿ ಜಗ್ಗುತ್ತಿದ್ದರು. ಪಕ್ಕದವರ ಗುಂಡಿ, ಪೈಪಿನ ಬಿರುಕು, ಗಟಾರ, ಎಲ್ಲವನ್ನೂ ಕೂಡಿಸಿ ಜಗ್ಗಿದಂತೆ.

“ನೀರು ಕಾಜಿನ್ಹಂಗ ಐತ್ರೀ ಬಾಯಾರ” ಎಂದು ಒಬ್ಬಾಕೆ ಲೋಟ ಎತ್ತಿ ತೋರಿಸಿದಳು. ಇತ್ತು ಕೂಡ, ಬಿಸಿಲಿಗೆ ಫಳಫಳ. ಮುದುಕಿ ತೀರಿಕೊಂಡ ಮನೆ ಅದರ ಪಕ್ಕದ್ದು. ಬಾಗಿಲಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲಾ ಅಂಗಿ. ನಾನು ಯಾರೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಮೇಲಿನ 22 ವರ್ಷ ನನ್ನ ಕೆಲಸದ ರೀತಿ ಬದಲಾಯಿತು. ಬಾಟಲಿ ಬಂದರೆ ತಳ ನೋಡುವುದು ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಚೀಟಿಯಲ್ಲಿ ‘ನಳದ ನೀರು’ ಎಂದಷ್ಟೇ ಬರೆದಿದ್ದರೆ ಮಾದರಿ ವಾಪಸ್ ಕಳಿಸುತ್ತಿದ್ದೆ. ನೀರು ಬಿಟ್ಟು ಎಷ್ಟು ನಿಮಿಷಕ್ಕೆ ಹಿಡಿದದ್ದು? ಲೈನಿನ ತಲೆಯೋ ಬಾಲವೋ? ಗುಂಡಿ ನಳವೋ? ಕ್ಲೋರಿನ್ ಅಲ್ಲೇ ನೋಡಿದಿರಾ, ಲೀಟರಿಗೆ 0.2 ಮಿಲಿಗ್ರಾಂ ಇತ್ತೇ? ಕೆಳಗಿನ ಸಿಬ್ಬಂದಿಗೆ ನನ್ನ ಮೇಲೆ ಸಿಟ್ಟು. “ಈ ಬಾಯಿಗೆ ನೀರಿನ ಜಾತಕ ಬೇಕು” ಅಂತಿದ್ದರಂತೆ. ಬೇಕಿತ್ತು.

ಇದನ್ನೇ ಬಹಳ ವರ್ಷಗಳ ಮೇಲೆ ಬೇರೆಯವರು ಶಿಸ್ತಾಗಿ ಅಳೆದು ತೋರಿಸಿದರು. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರತೊಡಗಿತು. ಉಳಿದ ವಾರ್ಡುಗಳಿಗೆ ಹಳೆಯ ಸರದಿಯೇ. ಒಂದೇ ಊರು, ಎರಡು ರೀತಿಯ ನೀರು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು. ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದ ನಳಗಳ ನೀರು ಪರೀಕ್ಷಿಸಿ 2013 ಮತ್ತು 2014ರಲ್ಲಿ ಪ್ರಕಟಿಸಿದರು. ಸರದಿ ನೀರಿನಲ್ಲಿ ಮಲಿನತೆ ಬಹಳ ಹೆಚ್ಚು. ಅದರಲ್ಲೂ ಸರದಿ ಶುರುವಾದಾಗಿನ ಮೊದಲ ನೀರು, ಒತ್ತಡ ಬಿದ್ದಾಗಿನ ನೀರು ಇನ್ನೂ ಕೆಟ್ಟದ್ದು. ಓದುವಾಗ ನನಗೆ ನಗು ಬಂತು. ನಮ್ಮವ್ವ, ಅವಳ ಅತ್ತೆ, ಓಣಿಯ ಎಲ್ಲ ಹೆಂಗಸರೂ ‘ಮೊದಲ ನೀರು ಮುಸುರಿಗೆ’ ಎಂದು ಬದಿಗಿಡುತ್ತಿದ್ದದ್ದು ಯಾವ ಟ್ಯೂಬು ನೋಡಿ?

ಆದರೆ ಅದೇ ಊರಿನ ಮೇಲೆ 2015ರಲ್ಲಿ ಬಂದ ಇನ್ನೊಂದು ಅಧ್ಯಯನ ನನ್ನ ನಗುವನ್ನು ಸ್ವಲ್ಪ ತಗ್ಗಿಸಿತು. ದಿನವಿಡೀ ನೀರು ಬರುವ ಮನೆಗಳಲ್ಲಿ ಟೈಫಾಯ್ಡ್ ಕಡಿಮೆ ಕಂಡಿತು. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಮಾತ್ರ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ನಳ ಚೊಕ್ಕಾದರೂ ಕೈ, ನೊಣ, ಅಂಗಳ, ಕೊಡಕ್ಕೆ ಅದ್ದುವ ಲೋಟ ಉಳಿದೇ ಇರುತ್ತವಲ್ಲ. ನಾನು ಜೀವನವಿಡೀ ಕಾದದ್ದು ಒಂದೇ ಬಾಗಿಲು.

ಇನ್ನೊಂದು ಬಾಗಿಲು ನನ್ನ ಕಣ್ಣೆದುರಿಗೇ ತೆರೆದುಕೊಂಡಿತು. ಬೇರೆ ಕೆಲಸಕ್ಕೆಂದು ಗಟಾರದ ನೀರಿನ ಇ. ಕೋಲಿಗಳನ್ನು ಸಾಕಿ, ಅವಕ್ಕೆ ಔಷಧ ತಾಗುತ್ತದೆಯೇ ಎಂದು ನೋಡುತ್ತಿದ್ದೆವು. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬಳಿದು, ಔಷಧ ಅದ್ದಿದ ಕುಂಕುಮದ ಬೊಟ್ಟಿನಷ್ಟು ಕಾಗದದ ಬಿಲ್ಲೆಗಳನ್ನು ಇಡುವುದು. ಔಷಧ ಕೆಲಸ ಮಾಡಿದರೆ ಮರುದಿನ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ. ತೊಂಬತ್ತರ ದಶಕದ ಮೊದಲಿಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ಕಿನ ಬಿಲ್ಲೆಯ ಉಂಗುರ ಎಷ್ಟು ದೊಡ್ಡದೆಂದರೆ ಪಕ್ಕದ ಬಿಲ್ಲೆಯ ಉಂಗುರಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ದೂರ ಇಡು ಎಂದು ಹುಡುಗರಿಗೆ ಬಯ್ಯುತ್ತಿದ್ದೆ. ವರ್ಷ ಕಳೆದಂತೆ ಬಯ್ಯುವ ಪ್ರಸಂಗ ಕಡಿಮೆಯಾಯಿತು. ನಿವೃತ್ತಿಯ ಹೊತ್ತಿಗೆ ಎಷ್ಟೋ ತಟ್ಟೆಗಳಲ್ಲಿ ಬಿಲ್ಲೆಯ ಅಂಚಿಗೆ ಒತ್ತಿಕೊಂಡು ಬೆಳೆದಿರುತ್ತಿದ್ದವು, ಗೋಡೆಗೆ ಹತ್ತಿದ ಪಾಚಿಯಂತೆ.

ಯಾಕೆ ಹೀಗೆ ಎಂಬುದಕ್ಕೆ ಒಂದು ಕಾರಣ ನಮ್ಮ ಪಕ್ಕದ ರಾಜ್ಯದಲ್ಲೇ ಸಿಕ್ಕಿತು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯ ಸೇರುವ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ನೀರನ್ನು ಸ್ವೀಡನ್‌ನ ಯೋಆಕಿಮ್ ಲಾರ್ಸನ್ ತಂಡ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿತು: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಅದೂ ‘ಶುದ್ಧೀಕರಿಸಿ’ ಬಿಟ್ಟ ನೀರು! ಅಂಥ ನೀರಲ್ಲಿ ಬದುಕಿ ಉಳಿದ ಬ್ಯಾಕ್ಟೀರಿಯಾಕ್ಕೆ ಆ ಔಷಧ ಲೆಕ್ಕಕ್ಕಿಲ್ಲ. 2011ರಲ್ಲಿ ದೆಹಲಿಯ ಸಮೀಕ್ಷೆ ಬಂತು. ಎನ್‌ಡಿಎಂ-1 ಎಂಬ, ಕೊನೆಯ ಸಾಲಿನ ಔಷಧಗಳನ್ನೂ ಸೋಲಿಸುವ ಜೀನ್, ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ಕುಡಿಯುವ ನೀರಿನ 50ರಲ್ಲಿ 2ರಲ್ಲಿ. ದೇಶದ ಹೆಸರು ಕೆಡಿಸಿದರು ಎಂದು ಗದ್ದಲವಾಯಿತು. ಹೆಸರು ಕೆಟ್ಟದ್ದು ಎಲ್ಲರಿಗೂ ಕಂಡಿತು. ನನಗೆ ಕಂಡದ್ದು ನಮ್ಮ ವರದಿಯ ನಮೂನೆ: ಬಣ್ಣ, ವಾಸನೆ, ಕೋಲಿಫಾರ್ಮ್, ಇ. ಕೋಲಿ. ಈ ಜೀನಿಗೆ ಅದರಲ್ಲಿ ಕಾಲಮ್ಮೇ ಇಲ್ಲ. ನೀರಿನಲ್ಲಿ ಏನಿದೆ ಎಂದಲ್ಲ, ನಾವು ಏನು ಕೇಳಿದೆವು ಎಂಬುದಕ್ಕಷ್ಟೇ ಮೊಹರು ಬೀಳುವುದು.

ಕೇಳಿದ ಪ್ರಶ್ನೆ ಬದಲಿಸಿ ದೊಡ್ಡ ಉತ್ತರ ಪಡೆದವರು ನಮ್ಮಲ್ಲೇ ಇದ್ದರು. ಕಾಲರಾ ಅಂದರೆ ಎಲ್ಲರೂ 1883ರ ಕೊನೆಗೆ ಕಲ್ಕತ್ತಕ್ಕೆ ಬಂದ ಕಾಖ್‌ನ ಹೆಸರು ಹೇಳುತ್ತಾರೆ. ಅದೇ ಕಲ್ಕತ್ತದಲ್ಲಿ ಕೆಲಸ ಮಾಡಿದ ಶಂಭುನಾಥ ಡೇ ಕ್ರಿಮಿಯನ್ನು ರಕ್ತದಲ್ಲಿ ಹುಡುಕದೆ ಮೊಲದ ಕರುಳಿನ ತುಂಡನ್ನು ಎರಡೂ ಬದಿ ಕಟ್ಟಿ ಅದರೊಳಗೆ ಹಾಕಿ ನೋಡಿದರು, 1953ರಲ್ಲಿ. ಕರುಳು ನೀರು ತುಂಬಿ ಉಬ್ಬಿತು. 1959ರಲ್ಲಿ, ಇಷ್ಟೆಲ್ಲ ಮಾಡುವುದು ಕ್ರಿಮಿ ಸುರಿಸುವ ವಿಷ ಎಂದು ತೋರಿಸಿದರು. ನೊಬೆಲ್ ವಿಜೇತ ವಿಜ್ಞಾನಿ ಲೆಡರ್ಬರ್ಗ್ ಆ ಬಹುಮಾನಕ್ಕೆ ಡೇ ಅವರ ಹೆಸರನ್ನು ಸೂಚಿಸಿದ್ದರು, ಬಹುಮಾನ ಬರಲಿಲ್ಲ. ನಮ್ಮ ಲ್ಯಾಬಿನ ಗೋಡೆಯಲ್ಲಿ ಪಾಶ್ಚರ್, ಕಾಖ್ ಇದ್ದರು. ಡೇ ಅವರ ಫೋಟೋ ನಾನೇ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದೆ. ಕ್ಯಾಲೆಂಡರಿನ ಪಕ್ಕ.

ನಿವೃತ್ತಿಯಾಗಿ ಈಗ ಏನು ಮಾಡುತ್ತೀರಿ ಎಂದು ಕೇಳುವವರಿಗೆ ಉತ್ತರ: ಬಾಟಲಿ ಕಪ್ಪಾಗುವುದನ್ನು ಕಾಯುತ್ತೇನೆ. 1982ರಲ್ಲಿ ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಾಂಜಾ, ಮೌರ್ಯ, ರಾವ್ ಎಂಬ ಮೂವರು ಒಂದು ಸರಳ ಪರೀಕ್ಷೆ ಕೊಟ್ಟರು. ಸಣ್ಣ ಬಾಟಲಿ, ಒಳಗೆ ಆಹಾರ ಮತ್ತು ಕಬ್ಬಿಣದ ಲವಣ ಅದ್ದಿ ಒಣಗಿಸಿದ ಕಾಗದ. ನೀರು ತುಂಬಿ ಬೆಚ್ಚಗಿಟ್ಟರೆ, ಹೇಲಿನ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದಲ್ಲಿ ಮರುದಿನಕ್ಕೆ ನೀರು ಕಪ್ಪು. ಇನ್ಕ್ಯುಬೇಟರ್ ಬೇಡ, ತಖ್ತೆ ಬೇಡ, ನಾನೂ ಬೇಡ. ಮೊದಲು ಇದನ್ನು ನಾವು ಲ್ಯಾಬಿನವರು ಮೂಗು ಮುರಿದು ನೋಡುತ್ತಿದ್ದೆವು. ಸಂಖ್ಯೆ ಬರುವುದಿಲ್ಲ ಎಂದು. ಈಗ ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ಹತ್ತಿರದ ಒಂದು ಹಳ್ಳಿಗೆ ನನ್ನನ್ನೂ ಕರೆದರು. ಡಿಸೆಂಬರಿನ ಚಳಿ. ಬೆಚ್ಚಗಿಡುವುದು ಎಲ್ಲಿ ಎಂದು ನಾನು ಯೋಚಿಸುವಷ್ಟರಲ್ಲಿ ಒಬ್ಬಳು ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದಳು. 37 ಡಿಗ್ರಿ. ಕಾಕಾ ಇರಬೇಕಿತ್ತು ನೋಡಲು.

ಮೊನ್ನೆ ರಾತ್ರಿ ಅವಳದೇ ವಾಟ್ಸ್ಆ್ಯಪ್. ಫೋಟೋದಲ್ಲಿ ಮಸಿಯಂಥ ಬಾಟಲಿ. “ಮೇಡಂರೀ, ಸಾಲಿ ಮುಂದಿನ ನಳದ್ದು. ಕರ್ರಗ ಆಗೇತಿ. ಲ್ಯಾಬಿಂದ ಹೋದ ತಿಂಗಳ ಯೋಗ್ಯ ಅಂತ ಬಂದೈತಿ, ನಿಂದು ತಪ್ಪಿರಬೇಕು, ಚೆಲ್ಲು ಅಂದ್ರು. ಚೆಲ್ಲಲೇನ್ರಿ?”

ಬರೆದೆ: “ಮೊದಲು ಇನ್ನೊಂದು ಫೋಟೋ ತಗಿ, ತಾರೀಖು ಕಾಣೂ ಹಂಗ. ಆಮ್ಯಾಲೆ ಬ್ಲೀಚಿಂಗ್ ಹಾಕಿ ಅರ್ಧ ತಾಸು ಬಿಟ್ಟು ಚೆಲ್ಲು. ಕೈ ಸಾಬೂನು ಹಚ್ಚಿ ತೊಳಕೊ. ನಾಳೆ ನೀರು ಬಿಟ್ಟ ಕೂಡಲೇ ಒಂದು, ಹತ್ತು ನಿಮಿಷದ ಮ್ಯಾಲೆ ಒಂದು, ಎರಡು ಬಾಟಲಿ ಹಿಡಿ. ನಾ ಬೆಳಿಗ್ಗಿ ಬಸ್ಸಿಗೆ ಬರ್ತೀನಿ.”